ಪಕ್ಕದ ಕುರ್ಚಿಯ ಕೋಚ್

ಡಯಾಲಿಸಿಸ್ ಕೋಣೆಯಲ್ಲಿ ಯಾರೂ ತಮ್ಮ ಕುರ್ಚಿಯನ್ನು ತಾವೇ ಆರಿಸಿಕೊಳ್ಳುವುದಿಲ್ಲ. ನನಗೆ ಸಿಕ್ಕಿದ್ದು ಕಿಟಕಿಯಿಂದ ಎರಡನೆಯದು. ಕಿಟಕಿಗೆ ಅಂಟಿಕೊಂಡಿದ್ದ ಕುರ್ಚಿಯಲ್ಲಿ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಅಮೆರಿಕದವರೊಬ್ಬರು ಬಂದು ಕೂರುತ್ತಿದ್ದರು. ಆರೂಕಾಲು ಅಡಿ ಎತ್ತರ, ಬಾಗಿಲು ತುಂಬುವಷ್ಟು ಹೆಗಲು. ಬಲಗೈಯ ಕಿರುಬೆರಳು ಮಾತ್ರ ಬೇರೆ ದಾರಿ ಹಿಡಿದ ಹಾಗೆ ಪಕ್ಕಕ್ಕೆ ತಿರುಗಿ ನಿಂತಿತ್ತು. ಮೊದಲ ದಿನ ನಾನು ಅವರ ಮುಖಕ್ಕಿಂತ ಆ ಬೆರಳನ್ನೇ ಹೆಚ್ಚು ನೋಡಿದೆ. ನರ್ಸುಗಳು, ವ್ಯಾನಿನ ಡ್ರೈವರು, ನೆಲ ಒರೆಸುವವರು ಎಲ್ಲರೂ ಅವರನ್ನು ಕೋಚ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಮ್ಯಾಮ್ ಎಂದರು. ಅವರ ಕಡೆ ಹೆಂಗಸರನ್ನು ಹಾಗೆ ಕರೆಯುವುದೇ ವಾಡಿಕೆಯಂತೆ.

ನಾನು ಆ ಕುರ್ಚಿಯಿಂದ ಎದ್ದು ಬಂದು ಮೂರು ವರ್ಷವಾಯಿತು. ಈಗ ಬರೆಯಲು ಕೂತಿರುವುದಕ್ಕೆ ಕಾರಣ ಇಷ್ಟೇ: ಕಾಯಿಲೆ ಶುರುವಾದಾಗ ನನಗೆ ಕೈತುಂಬ ಹಾಳೆಗಳು ಸಿಕ್ಕವು, ಹುರುಳಿಕಾಳಿನ ಆಕಾರದ ಎರಡು ಕಿಡ್ನಿಗಳ ಬಣ್ಣದ ಚಿತ್ರ ಸಿಕ್ಕಿತು. ಆದರೆ ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಕೂತಾಗ ಮನಸ್ಸನ್ನು ಎಲ್ಲಿ ಇಡಬೇಕು, ಮನೆಯವರು ಅನುಮಾನದಿಂದ ನೋಡಿದಾಗ ಏನು ಮಾಡಬೇಕು ಎಂದು ನನ್ನ ಭಾಷೆಯಲ್ಲಿ ಹೇಳುವವರು ಯಾರೂ ಸಿಗಲಿಲ್ಲ.

ನಾವು ತಿಪಟೂರಿನ ಕಡೆಯವರು. ನನ್ನ ಗಂಡ ನಾಗರಾಜು ಆಕ್ಲೆಂಡಿನ ಒಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆ ಮೌಂಟ್ ರಾಸ್ಕಿಲ್‌ನಲ್ಲಿ. ನಾನು ನ್ಯೂ ಲಿನ್‌ನ ಒಂದು ಸಣ್ಣ ಅಂಗಡಿಯಲ್ಲಿ ಬಟ್ಟೆ ಆಲ್ಟರ್ ಮಾಡುತ್ತಿದ್ದೆ: ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಜಿಪ್ ಬದಲಿಸುವುದು. ಊರಿಗೆ ಫೋನ್ ಮಾಡಬೇಕಾದರೆ ಇಲ್ಲಿಯವರು ಡೈರಿ ಎನ್ನುವ ಬೀದಿ ಮೂಲೆಯ ಅಂಗಡಿಯಲ್ಲಿ ಫೋನ್ ಕಾರ್ಡ್ ಕೊಂಡು, ಗೀಚಿ, ಅದರಲ್ಲಿನ ಉದ್ದನೆಯ ನಂಬರ್ ಒತ್ತುತ್ತಿದ್ದೆವು. ಪಾದ ಊದಿಕೊಂಡಾಗ ದಿನವಿಡೀ ಇಸ್ತ್ರಿ ಮೇಜಿನ ಹತ್ತಿರ ನಿಂತು ಹೀಗಾಯಿತು ಎಂದುಕೊಂಡೆ. ಉಂಗುರ ಬೆರಳಿಂದ ಬರದಿದ್ದಾಗ ದಪ್ಪಗಾದೆ ಎಂದುಕೊಂಡೆ. ಮೆಟ್ಟಿಲು ಹತ್ತಲು ಉಸಿರು ಸಾಲದಾದ ದಿನ ಡಾಕ್ಟರ ಹತ್ತಿರ ಹೋದೆ. ನನಗೇ ಗೊತ್ತಿಲ್ಲದ ರಕ್ತದೊತ್ತಡ ಎಷ್ಟೋ ವರ್ಷದಿಂದ ಎರಡೂ ಕಿಡ್ನಿಗಳನ್ನು ತಿಂದು ಮುಗಿಸುತ್ತಾ ಬಂದಿತ್ತು. ಕೆಲವೇ ತಿಂಗಳಲ್ಲಿ ಎಡಗೈಯ ರಕ್ತನಾಳ ಜೋಡಿಸಿ, ಯಂತ್ರಕ್ಕೆ ಹಾಕಿದರು.

ಕೋಚ್ ಒಂದು ಪುಟ್ಟ ಡಿವಿಡಿ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಆಟದ ಚಿತ್ರ ನೋಡುತ್ತಿದ್ದರು. ನೋಡುವುದೆಂದರೆ ನಮ್ಮ ಹಾಗಲ್ಲ. ಐದು ಸೆಕೆಂಡು ಓಡಿಸುವುದು, ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು, ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಬರೆಯುವುದು, ಮತ್ತೆ ಅದೇ ಐದು ಸೆಕೆಂಡು. ನಾನು ಕತ್ತು ಉದ್ದ ಮಾಡಿ ಇಣುಕುವುದು ಅವರಿಗೆ ಕಂಡಿತೆನ್ನಿಸುತ್ತದೆ. ಎರಡನೆಯ ವಾರ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿಂದ ನನ್ನ ಪಾಠ ಶುರುವಾಯಿತು.

ಅದು ಅಮೆರಿಕದ ಫುಟ್‌ಬಾಲ್. ಇಲ್ಲಿಯವರು ಗ್ರಿಡೈರನ್ ಎನ್ನುತ್ತಾರೆ. ರಗ್ಬಿಯ ನಾಡಿನಲ್ಲಿ ಅದನ್ನು ಕೇಳುವವರು ಕಡಿಮೆ. ಅದನ್ನು ಆಡುತ್ತಿದ್ದಾಗ ಕೋಚ್ ಚೆಂಡು ಎಸೆಯುವವರೂ ಅಲ್ಲ, ಹಿಡಿದು ಓಡುವವರೂ ಅಲ್ಲ. ಚೆಂಡು ಹಿಡಿದು ಬಂದವನನ್ನು ಕೆಡವುವುದಷ್ಟೇ ಅವರ ಕೆಲಸವಾಗಿತ್ತು. ಹಾಗಾದರೆ ಕಬಡ್ಡಿಯಲ್ಲಿ ಕಾಲು ಹಿಡಿಯುವವರ ಹಾಗೆ ಎಂದೆ. ಕಬಡ್ಡಿ ಏನೆಂದು ಹೇಳುವುದಕ್ಕೇ ಅವತ್ತು ಒಂದು ಗಂಟೆ ಹೋಯಿತು. ಉಸಿರು ಕಟ್ಟಿ ಆಡುತ್ತಾರೆ ಎಂದಾಗ ಅವರು ನಂಬಲಿಲ್ಲ. ಆಡುವವನು ಕಳ್ಳತನದಲ್ಲಿ ಉಸಿರು ಎಳೆದುಕೊಂಡರೆ ಕಂಡುಹಿಡಿಯುವುದು ಹೇಗೆ ಎಂದು ಮೂರು ಸಲ ಕೇಳಿದರು. ಬಾಯಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು ಎಂದು ಮಾಡಿ ತೋರಿಸಿದೆ. ಎದುರು ಸಾಲಿನ ರೋಗಿಗಳೆಲ್ಲ ನನ್ನನ್ನೇ ನೋಡಿದರು.

ಎಷ್ಟು ತಂಡಕ್ಕೆ ಆಡಿದಿರಿ ಎಂದು ಕೇಳಿದ್ದಕ್ಕೆ ಹನ್ನೊಂದು ವರ್ಷದಲ್ಲಿ ಏಳು ಎಂದರು. ಅಬ್ಬಾ, ದೊಡ್ಡ ಆಟಗಾರರು ಎಂದುಕೊಂಡು ಹಾಗೇ ಹೇಳಿದೆ. ಅವರು ನಕ್ಕ ನಗೆಗೆ ಕೈ ಅಲುಗಿ ಯಂತ್ರ ಕೂಗಿಕೊಂಡಿತು. ಏಳು ತಂಡ ಎಂದರೆ ಏಳು ತಂಡದವರು ಬೇಡವೆಂದು ಕಳಿಸಿದರು ಎಂದು ಅರ್ಥ. ಕೆಲಸ ಹೇಗೆಂದು ಬಿಡಿಸಿ ಹೇಳಿದ ಮೇಲೆ ನನಗೆ ನಮ್ಮ ಕಡೆಯ ಹಂಗಾಮಿ ಮೇಷ್ಟ್ರುಗಳು ನೆನಪಾದರು. ಯಾರದೋ ಮೊಣಕಾಲು ಮುರಿದರೆ ಇವರಿಗೆ ಫೋನ್ ಬರುತ್ತದೆ. ಒಂದು ಚೀಲ ಹಿಡಿದು ವಿಮಾನ ಹತ್ತುವುದು, ಆ ತಂಡದ ಆಟದ ತಂತ್ರಗಳ ದಪ್ಪ ಪುಸ್ತಕವನ್ನು ಎರಡು ದಿನದಲ್ಲಿ ಬಾಯಿಪಾಠ ಮಾಡುವುದು, ಆಡುವುದು. ಆ ಮೊಣಕಾಲು ವಾಸಿಯಾದ ವಾರ ಬೆಳಗ್ಗೆ ಬೆಳಗ್ಗೆಯೇ ಯಾರೋ ಬಾಗಿಲು ತಟ್ಟಿ, ಸಾಹೇಬರು ಕರೀತಿದಾರೆ, ಪುಸ್ತಕ ತಗೊಂಡು ಬಾ ಎನ್ನುತ್ತಾರೆ. ಪುಸ್ತಕ ಕೇಳಿದರೆಂದರೆ ಮುಗಿಯಿತು. ಅಮೆರಿಕದಲ್ಲಿ ಫೋನ್ ಬರುವುದು ನಿಂತ ಮೇಲೆ ಕೆನಡಾ, ಆಮೇಲೆ ಜರ್ಮನಿ. ಜರ್ಮನಿಯಲ್ಲಿ ಆಕ್ಲೆಂಡಿನಲ್ಲಿ ನೆಲೆಸಿದ್ದ ಸಮೋವಾ ದ್ವೀಪದವರ ಹುಡುಗಿಯೊಬ್ಬಳು ಸಿಕ್ಕಳು. ಅವಳ ಹಿಂದೆ ಇಲ್ಲಿಗೆ ಬಂದರು. ಹಗಲು ಮರದ ಅಡ್ಡೆಯಲ್ಲಿ ಕೆಲಸ, ಸಂಜೆ ಒಂದು ಸಣ್ಣ ಕ್ಲಬ್ಬಿಗೆ ತರಬೇತಿ. ನಾಯಿ ಓಡಾಡಿಸುವವರು ಬಿಟ್ಟುಕೊಟ್ಟಷ್ಟು ಮೈದಾನದಲ್ಲಿ ಅಭ್ಯಾಸ.

ಪ್ರತಿ ಆಟದ ಮುಂಚೆ ನೋವಿನ ಮಾತ್ರೆಗಳನ್ನು ಕಡಲೆಬೀಜದ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. ಕಿಡ್ನಿ ಹೋಗಿದ್ದಕ್ಕೆ ಅದೂ ಒಂದು ಕಾರಣವಿರಬಹುದು ಎಂದು ಡಾಕ್ಟರು ಹೇಳಿದ್ದರು. ಇದನ್ನೂ ಅವರು ಬೇರೆ ಯಾರದೋ ಸಂಗತಿಯೆಂಬಂತೆ ಕುತೂಹಲದಿಂದಲೇ ಹೇಳಿದರು.

ಇಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ದೊಡ್ಡ ಮಾತು ನಡೆದಿತ್ತು. ನಮ್ಮ ಯಜಮಾನರ ರಕ್ತದ ಗುಂಪು ನನಗೆ ಹೊಂದಿತ್ತು. ಪರೀಕ್ಷೆಗಳೂ ಒಂದೊಂದಾಗಿ ಸರಿಬಂದವು. ಇವರು ತಮ್ಮ ಒಂದು ಕಿಡ್ನಿ ಕೊಡುವುದು ಎಂದಾಯಿತು. ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮತ್ತೆ ಅದನ್ನೇ ಎರಡು ಸಲ ಹೇಳಿಸಿಕೊಂಡರು. ಕಾರ್ಡಿನ ನಿಮಿಷಗಳು ಹಾಗೇ ಹೋದವು. ಆಮೇಲೆ, "ದುಡಿಯೋ ಗಂಡ್ಸು, ಅವ್ನ ಹೊಟ್ಟೆ ಕುಯ್ಸೋದೇನವ್ವಾ?" ಎಂದರು. ಮಗನ ತಾಯಿ ಕೇಳಬೇಕಾದದ್ದೇ ಅದು.

ಆಪರೇಷನ್ನಿಗೆ ಮೊದಲು ನನ್ನ ಹೃದಯದ ಸ್ಕ್ಯಾನ್ ಮಾಡಿದರು. ಹೃದಯ ಊದಿದೆ, ಮೈಯಲ್ಲಿ ನೀರು ಜಾಸ್ತಿ ನಿಂತು ಅದಕ್ಕೆ ಹೊರಲಾರದ ಭಾರವಾಗಿದೆ, ಈ ಸ್ಥಿತಿಯಲ್ಲಿ ಆಪರೇಷನ್ ಆಗುವುದಿಲ್ಲ ಎಂದರು ಡಾಕ್ಟರು. ಮೂರು ತಿಂಗಳು ಸಮಯ. ನೀರು ಇಳಿಸಬೇಕು, ಮತ್ತೆ ಸ್ಕ್ಯಾನ್. ಆಗಲೂ ಹೀಗೇ ಇದ್ದರೆ ಕಸಿಯ ಯೋಚನೆಯನ್ನೇ ಬಿಡಬೇಕಾಗಬಹುದು. ಇವರು ಕೊಡಲು ಸಿದ್ಧ, ನಾನು ತೆಗೆದುಕೊಳ್ಳಲು ಲಾಯಕ್ಕಿಲ್ಲ.

ನನಗೆ ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ಕುಡಿಯಲು ಹೇಳಿದ್ದರು. ನಾನು ಅದನ್ನು ಮೀರಿದವಳೇ ಅಲ್ಲ. ಹೊಲಿಗೆಯವಳು ನಾನು, ಅಳತೆ ಬರೆದಿಡದೆ ಕತ್ತರಿ ಮುಟ್ಟಿದವಳಲ್ಲ. ಬೆಳಗಿನ ಕಾಫಿ ನೂರಿಪ್ಪತ್ತು, ಮಾತ್ರೆಗೆ ಅರವತ್ತು, ಮಧ್ಯಾಹ್ನ ನೂರು, ಎಲ್ಲ ಬರೆದಿದ್ದೆ. ಟೊಮೆಟೊ ಬಿಟ್ಟಿದ್ದೆ, ಬಾಳೆಹಣ್ಣು ಬಿಟ್ಟಿದ್ದೆ, ತರಕಾರಿ ಬೇಯಿಸಿ ನೀರು ಬಸಿದು ಚೆಲ್ಲುತ್ತಿದ್ದೆ. ಆದರೂ ಪ್ರತಿ ಸಲ ತೂಕದ ಯಂತ್ರ ಹತ್ತಿದರೆ ನಾಲ್ಕು ಕಿಲೋ ಜಾಸ್ತಿ. ಐವತ್ತನಾಲ್ಕು ಕಿಲೋದ ಮೈಯಿಂದ ನಾಲ್ಕು ಗಂಟೆಯಲ್ಲಿ ಅಷ್ಟು ನೀರು ಎಳೆದರೆ ಕೊನೆಯ ಗಂಟೆ ಮೀನಖಂಡ ಕಲ್ಲಾಗುತ್ತಿತ್ತು. ಹಿಮ್ಮಡಿ ಒತ್ತಿ, ಹೆಬ್ಬೆರಳು ಮೇಲಕ್ಕೆಳೆಯಿರಿ ಎಂದು ಕೋಚ್ ಪಕ್ಕದಿಂದ ಹೇಳಿಕೊಡುತ್ತಿದ್ದರು.

ನಮ್ಮನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಸಲೋಟೆ ಟೊಂಗಾ ದ್ವೀಪದವಳು, ಅಂತಃಕರಣದ ಹೆಂಗಸು. ಅವಳು ಒಂದು ದಿನ ಪರದೆ ಎಳೆದು ಕೂತು, ಕದ್ದು ಕುಡಿಯುವುದು ಎಲ್ಲರೂ ಮಾಡುತ್ತಾರೆ, ಹೇಳಿದರೆ ಯಾರೂ ಬೈಯುವುದಿಲ್ಲ ಎಂದಳು. ನಾನು ಪುಸ್ತಕ ತೆಗೆದು ತೋರಿಸಿದೆ. ಅವಳು ಹಾಳೆ ತಿರುವಿ, ಚೆನ್ನಾಗಿ ಬರೆದಿದ್ದೀರಿ ಎಂದು ಮುಚ್ಚಿ ಕೊಟ್ಟಳು. ನಂಬಲಿಲ್ಲ.

ಮನೆಯಲ್ಲಿಯೂ ಅದೇ. ಒಂದು ಬೆಳಿಗ್ಗೆ ಫ್ರಿಜ್ಜಿನ ನೀರಿನ ಬಾಟಲಿಯ ಮೇಲೆ ಕಪ್ಪು ಮಾರ್ಕರಿನ ಗೆರೆ ಕಂಡಿತು, ನೀರು ಎಲ್ಲಿಗಿದೆಯೋ ಸರಿಯಾಗಿ ಅಲ್ಲಿಗೆ. ಇವರು ಎಳೆದದ್ದು. ಇಪ್ಪತ್ತು ವರ್ಷ ಜೊತೆಗೆ ಬಾಳಿದವರು. ಏನೂ ಕೇಳಲಿಲ್ಲ, ಗೆರೆ ಎಳೆದಿದ್ದರು ಅಷ್ಟೆ. ಮಗಳು ಚೈತ್ರಾಳಿಗೆ ಹದಿನಾರು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವಳು ಸ್ಕೂಲ್ ಬ್ಯಾಗ್ ಹೆಗಲಿಗೆ ಹಾಕುತ್ತಾ ಮೆಲ್ಲಗೆ, "ಅಮ್ಮಾ, ಜಸ್ಟ್ ಬಿ ಆನೆಸ್ಟ್, ಪ್ಲೀಸ್" ಎಂದು ಹೋದಳು. ಕಾಯಿಲೆ ಬಂದಾಗ ನಾನು ಅತ್ತಿರಲಿಲ್ಲ. ಅವತ್ತು ಸಿಂಕಿನ ಮುಂದೆ ನಿಂತು ಅತ್ತೆ.

ಗುರುವಾರ ಕೋಚ್ ಕೇಳಿದರು, ಯಾಕೆ ಇವತ್ತು ಪ್ರಶ್ನೆಗಳಿಲ್ಲ ಎಂದು. ಎಲ್ಲ ಹೇಳಿದೆ. ನಾನು ಸುಳ್ಳು ಹೇಳುತ್ತಿಲ್ಲ ಎಂದೆ. ಅವರು ನಂಬಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ತಮ್ಮ ಮೂರನೆಯ ತಂಡದ ಕಥೆ ತೆಗೆದರು. ಅಲ್ಲಿನ ತರಬೇತುದಾರ ದಿನವೂ ಇವರಿಗೆ ನೀನು ತಡ, ನೀನು ತಡ ಎನ್ನುತ್ತಿದ್ದನಂತೆ. ಇವರು ಇಲ್ಲ, ಚೆಂಡು ಅಲುಗಿದ ತಕ್ಷಣ ಮುಂದಕ್ಕೆ ಹೆಜ್ಜೆ ಇಡುತ್ತೇನೆ ಎಂದು ಜಗಳಕ್ಕೇ ನಿಂತರು. ಅವನು ವಾದ ಮಾಡದೆ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಚಿತ್ರ ಓಡಿಸಿದ. ಮುಂದಕ್ಕೆ ನುಗ್ಗುವ ಮೊದಲು ಇವರ ಎಡಗಾಲು ಒಂದು ಅಂಗೈಯಷ್ಟು ಹಿಂದಕ್ಕೆ ಹೋಗುತ್ತಿತ್ತು. ಪ್ರತಿ ಸಲ. ಅದಕ್ಕೂ ಮೊದಲಿನ ಎರಡು ತಂಡದವರು ಇವರನ್ನು ಕಳಿಸಿದ್ದು ಆ ಕಾಲಿಗಾಗಿಯೇ, ಆದರೆ ಯಾರೂ ತೋರಿಸಿರಲಿಲ್ಲ.

"ನಾನು ಸುಳ್ಳು ಹೇಳ್ತಿರ್ಲಿಲ್ಲ ಮ್ಯಾಮ್. ನನ್ನ ಕಾಲು ಏನು ಮಾಡ್ತಿದೆ ಅಂತ ನನಗೇ ಗೊತ್ತಿರ್ಲಿಲ್ಲ," ಎಂದರು. ಅವರ ಇಂಗ್ಲಿಷನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ನೀವು ಏನು ಮಾಡುತ್ತೀರಿ ಅಂತ ನೀವು ಬರೆದಿದ್ದೀರಿ, ನಿಮ್ಮ ಕೈ ಏನು ಮಾಡುತ್ತದೆ ಅಂತ ನೋಡೋಣ ಎಂದು, ಕ್ಲಬ್ಬಿನ ಹ್ಯಾಂಡಿಕ್ಯಾಮನ್ನು ಹೆಂಡತಿಯ ಕೈಲಿ ಶನಿವಾರ ತರಿಸಿದರು. ಚೈತ್ರಾ ಭಾನುವಾರ ಬೆಳಗಿನಿಂದ ಮಲಗುವವರೆಗೆ ನಾನು ಅಡುಗೆಮನೆಗೆ ಕಾಲಿಟ್ಟಾಗಲೆಲ್ಲ ಅದನ್ನು ಹಿಡಿದಳು. ಮೊದಲ ಅರ್ಧ ಗಂಟೆ ನಾನು ಸೆರಗು ಸರಿಮಾಡಿಕೊಂಡೆ. ಆಮೇಲೆ ಮರೆತೆ.

ಮಂಗಳವಾರ ಕೋಚ್ ಕ್ಯಾಮೆರಾದ ಬೆರಳುದ್ದದ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಕಾಫಿ ಕುಡಿದದ್ದು ಪುಸ್ತಕದಲ್ಲಿ ಇತ್ತು, ಮಾತ್ರೆಯದು ಇತ್ತು. ಮಧ್ಯಾಹ್ನದ ಊಟಕ್ಕೆ ಬಂದಾಗ ನಿಲ್ಲಿಸಿದರು. ನಾನು ಅನ್ನದ ನಡುವೆ ಗುಂಡಿ ಮಾಡುತ್ತಿದ್ದೆ. ಅದು ಯಾಕೆ ಎಂದರು. ಸಾರು ಹಾಕಿಕೊಳ್ಳುವುದಕ್ಕೆ ಎಂದೆ. ಮತ್ತೆ ಓಡಿಸಿದರು. ಒಂದು ಸೌಟು. ಕಲಸುತ್ತಾ ಇನ್ನೊಂದು. ಎರಡನೆಯ ಸಲ ಅನ್ನ ಬಡಿಸಿಕೊಂಡು ಇನ್ನೊಂದು.

"ಈ ಬಿಳೀದು?"

"ಮಜ್ಜಿಗೆ."

"ಇದು ನಿಮ್ಮ ಪುಸ್ತಕದಲ್ಲಿ ಎಲ್ಲಿದೆ?"

"ಅದು ಊಟ ಅಲ್ವಾ ಕೋಚ್. ಊಟದ್ದು ಯಾರು ಬರೀತಾರೆ?"

ಅವರು ನಗಲಿಲ್ಲ. ಹಿಂದಕ್ಕೆ ತಿರುಗಿಸಿ ನನ್ನ ಕೈಗೇ ಕೊಟ್ಟರು. ತಟ್ಟೆಯನ್ನು ಒಂದು ಕಡೆ ಓರೆ ಮಾಡಿ, ಉಳಿದ ಮಜ್ಜಿಗೆಯನ್ನು ಅಂಗೈಯಲ್ಲಿ ಬಳಿದು ಸುರ್ ಎಂದು ಕುಡಿಯುತ್ತಿದ್ದವಳು ನಾನೇ. ನಲವತ್ತೆಂಟು ವರ್ಷ ಹಾಗೇ ಉಂಡಿದ್ದೇನೆ. ಆಹಾರ ತಜ್ಞೆ ಕೊಟ್ಟ ಹಾಳೆಯಲ್ಲಿ ನೀರು, ಟೀ, ಕಾಫಿ, ಹಾಲು, ಜ್ಯೂಸು, ಸೂಪು ಎಂದಿತ್ತು. ಹತ್ತು ಸಲ ಓದಿದ್ದೆ. ನಮ್ಮ ಮನೆಯಲ್ಲಿ ಸೂಪು ಮಾಡುವುದಿಲ್ಲ ಎಂದು ನೆಮ್ಮದಿಯಾಗಿದ್ದೆ. ಲೋಟದಲ್ಲಿ ಎತ್ತಿ ಕುಡಿದದ್ದು ಕುಡಿಯುವುದು, ತಟ್ಟೆಯಲ್ಲಿ ಕಲಸಿದ್ದು ಉಣ್ಣುವುದು. ಇದನ್ನು ನಾನು ಯೋಚಿಸಿ ತೀರ್ಮಾನಿಸಿದ್ದಲ್ಲ. ಯೋಚಿಸುವಂಥದ್ದು ಇದೆ ಎಂದೇ ತೋರಿರಲಿಲ್ಲ.

"ಹರಿಯೋ ಊಟ ನಾನು ಇವತ್ತೇ ನೋಡಿದ್ದು," ಎಂದರು ಕೋಚ್. ಆಮೇಲೆ ಆ ಸೌಟಿನಲ್ಲಿ ನೀರು ಅಳೆದು ನೋಡಲು ಹೇಳಿದರು.

ಮನೆಗೆ ಬಂದವಳೇ ಅಳೆದೆ. ನೂರಹತ್ತು ಮಿಲಿ. ಮಧ್ಯಾಹ್ನ ಸಾರು ಮೂರು, ಮಜ್ಜಿಗೆ ಎರಡು, ರಾತ್ರಿಗೂ ಅಷ್ಟೇ. ಹತ್ತು ಸೌಟು, ಒಂದು ಲೀಟರು ಮೇಲೆ ಒಂದಿಷ್ಟು. ನಾನು ಬರೆದದ್ದಕ್ಕಿಂತ ಬರೆಯದ್ದೇ ಜಾಸ್ತಿ. ಸಂಜೆ ಇವರು ಡ್ಯೂಟಿ ಮುಗಿಸಿ ಬಂದಾಗ ಕ್ಯಾಮೆರಾ ಕೈಗೆ ಕೊಟ್ಟು, ಸೌಟನ್ನೂ ಅಳತೆಯ ಜಗ್ಗನ್ನೂ ಮುಂದಿಟ್ಟೆ. ಇವರು ನಿಂತುಕೊಂಡೇ ಕೊನೆಯವರೆಗೆ ನೋಡಿದರು. ಆಮೇಲೆ ಕೈಯ ಗ್ರೀಸ್ ತೆಗೆಯುವ ಪೇಸ್ಟು ತಂದು ಬಾಟಲಿಯ ಗೆರೆಯನ್ನು ಉಜ್ಜಿ ಉಜ್ಜಿ ತೆಗೆದರು.

ಸಾರು ಬಿಡುವುದು ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರಿನ ಬಾಯಾರಿಕೆಯನ್ನು ಒಂದು ಐಸ್ ಚೂರು ಚೀಪಿ ತಡೆಯಬಹುದು. ಒಣ ಅನ್ನ ಗಂಟಲಲ್ಲಿ ನಿಂತರೆ ಮನಸ್ಸೂ ಅಲ್ಲೇ ನಿಲ್ಲುತ್ತದೆ. ಚಿತ್ರಾನ್ನ ಮಾಡಿದೆ, ಅಕ್ಕಿ ರೊಟ್ಟಿ ತಟ್ಟಿದೆ, ಗಟ್ಟಿ ಪಲ್ಯ ಮಾಡಿದೆ. ಭಾನುವಾರಕ್ಕೆ ಮಾತ್ರ ಒಂದು ಸೌಟು ಸಾರು, ಬಟ್ಟಲಲ್ಲಿ ಹಾಕಿ, ಪುಸ್ತಕದಲ್ಲಿ ಬರೆದು, ಅನ್ನವನ್ನು ಅದ್ದಿ ಅದ್ದಿ ತಿಂದೆ. ಉಪ್ಪು ಇಳಿಸಿದ ಮೇಲೆ ಬಾಯಾರಿಕೆಯೂ ಇಳಿಯಿತು. ಸಲೋಟೆ ಆಹಾರ ತಜ್ಞೆಯನ್ನು ನನ್ನ ಹತ್ತಿರ ಕರೆದುಕೊಂಡು ಬಂದಳು. ಆಕೆ ಹಾಳೆಯ ಕೆಳಗೆ ಪೆನ್ನಿನಲ್ಲಿ ಸಾರು, ಮಜ್ಜಿಗೆ, ತೆಳು ಬೇಳೆ ಎಂದು ಸೇರಿಸಿಕೊಂಡು, ಹಾಗೆಯೇ ಸಲೋಟೆಗೂ ನಿಮ್ಮ ಮನೆಯಲ್ಲಿ ಹೇಗೆ ಎಂದು ಕೇಳಿದಳು. ಸಲೋಟೆ ತನ್ನ ತಾಯಿ ತೆಂಗಿನ ಹಾಲಿನಲ್ಲಿ ಬೇಯಿಸುವ ಸೊಪ್ಪಿನ ಹೆಸರು ಹೇಳಿದಳು.

ತೂಕ ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಬಂತು. ಕಾಲು ಸೆಳೆತ ನಿಂತಿತು. ಕೋಚ್ ಪ್ರತಿ ಸಲದ ನನ್ನ ತೂಕವನ್ನು ತಮ್ಮ ಆಟದ ನೋಟ್‌ಬುಕ್ಕಿನಲ್ಲಿ, ಆಟಗಾರರ ಹೆಸರುಗಳ ಕೆಳಗೆ ಬರೆದುಕೊಳ್ಳುತ್ತಿದ್ದರು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಆಯಿತು. ಹೃದಯ ಪೂರ್ತಿ ಮೊದಲಿನ ಹಾಗಾಗಿರಲಿಲ್ಲ. ಆದರೆ ಇಷ್ಟು ಸಾಕು, ಮಾಡಬಹುದು ಎಂದರು.

ದಿನ ಗೊತ್ತಾದದ್ದನ್ನು ಕೋಚ್‌ಗೆ ಹೇಳಲು ನನಗೆ ನಾಲಿಗೆ ಬರಲಿಲ್ಲ. ಅವರನ್ನೂ ಹಿಂದಿನ ವರ್ಷ ಕಸಿಗಾಗಿ ಪರೀಕ್ಷೆ ಮಾಡಿದ್ದರು, ರಕ್ತನಾಳಗಳು ತಡೆಯುವುದಿಲ್ಲ ಎಂದು ಪಟ್ಟಿಗೆ ಸೇರಿಸಿಕೊಂಡಿರಲಿಲ್ಲ. ಅವರ ಹೆಂಡತಿ ಒಮ್ಮೆ ನನಗೆ ಹೇಳಿದ್ದಳು. ಎರಡು ಸಲ ಬಂದು ಸುಮ್ಮನೆ ಕೂತು ಹೋದೆ. ಕೊನೆಗೆ ಅವರೇ, ದಿನ ಕೊಟ್ಟರಾ ಎಂದರು. ಹೂಂ ಎಂದೆ. ಬೇಜಾರಾಯಿತೇ ಎಂದು ಕೇಳಿಯೂಬಿಟ್ಟೆ. ನನ್ನ ಬಾಯಿ ಯಾವಾಗಲೂ ಹಾಗೆ.

ಅವರು ಕಿಟಕಿಯ ಕಡೆ ತಿರುಗಿದರು. "ನನ್ನ ಜಾಗಕ್ಕೆ ಬಂದವನು ಚೆನ್ನಾಗಿ ಆಡಿದಾಗ ಏಳು ಸಲಾನೂ ಸಿಟ್ಟು ಬಂದಿತ್ತು. ಈಗ್ಲೂ ಸ್ವಲ್ಪ ಬರ್ತಿದೆ ಮ್ಯಾಮ್. ಆದ್ರೆ ಆಗಿನಷ್ಟಿಲ್ಲ. ಅದು ಯಾಕೆ ಅಂತಲೇ ನೋಡ್ತಿದೀನಿ," ಎಂದರು. ಬೇರೆ ಯಾರಾದರೂ ಸಂತೋಷವಾಯಿತು ಎಂದುಬಿಡುತ್ತಿದ್ದರು. ನಾನು ಆ ಮಾತನ್ನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ಅವರು ಇವತ್ತಿಗೂ ಕಿಟಕಿಯ ಪಕ್ಕದಲ್ಲೇ ಕೂರುತ್ತಾರೆ. ತಿಂಗಳಿಗೊಮ್ಮೆ ಉಪ್ಪಿಲ್ಲದ ಅಕ್ಕಿ ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಕ್ಲಬ್ಬು ಗೆದ್ದದ್ದಕ್ಕಿಂತ ಸೋತದ್ದರ ಚಿತ್ರವನ್ನೇ ಹೆಚ್ಚು ತೋರಿಸುತ್ತಾರೆ.

ಆಪರೇಷನ್ನಿನ ಹಿಂದಿನ ದಿನ ನಮ್ಮತ್ತೆ ತಾವೇ ಫೋನ್ ಮಾಡಿಸಿದರು. ಯಾವ ಕಡೆಯದನ್ನು ತೆಗೆಯುತ್ತಾರೆ ಎಂದು ಕೇಳಿದರು. ಎಡಗಡೆಯದು ಎಂದೆ. ಆ ಮಗ್ಗುಲಿಗೆ ಮಲಗಬೇಡ ಅಂತ ಅವನಿಗೆ ಹೇಳು ಎಂದರು. ಆಮೇಲೆ, ನೀನೂ ಹುಷಾರು ಎಂದು ಇಟ್ಟುಬಿಟ್ಟರು.

ಕಿಡ್ನಿ ಆಪರೇಷನ್ ಮೇಜಿನ ಮೇಲೇ ಕೆಲಸ ಶುರು ಮಾಡಿತಂತೆ. ನನಗೆ ಎಚ್ಚರವಾದಾಗ ಮಂಚದ ಪಕ್ಕದ ಚೀಲದಲ್ಲಿ ಬಿಸಿಲಿನ ಬಣ್ಣದ ಮೂತ್ರ ಇಷ್ಟಿಷ್ಟಾಗಿ ಏರುತ್ತಿತ್ತು. ಒಂದೂವರೆ ವರ್ಷದ ಮೇಲೆ ಕಂಡದ್ದು. ಕಣ್ಣು ಕೀಳದೆ ನೋಡಿದೆ. ಮೂರನೆಯ ದಿನ ನರ್ಸ್ ಒಂದು ದೊಡ್ಡ ಜಗ್ಗು ನೀರು ತಂದಿಟ್ಟು, ಸಂಜೆಯೊಳಗೆ ಮುಗಿಸಬೇಕು, ನಾಳೆಯಿಂದ ದಿನಕ್ಕೆ ಮೂರು ಲೀಟರು ಎಂದಳು. ಕನಸಿನಲ್ಲಿ ಕೆರೆ ಕೆರೆ ಕುಡಿದವಳು ನಾನು. ನಾಲ್ಕು ಗುಟುಕು ಕುಡಿದೆ. ಕೈ ತಾನಾಗಿ ಪುಸ್ತಕ ಹುಡುಕಿತು. ಐದನೆಯ ಗುಟುಕು ತಪ್ಪು ಮಾಡಿದ ಹಾಗೆ ಅನ್ನಿಸಿ, ಲೋಟ ಕೆಳಗಿಟ್ಟೆ.

ಆ ಹೊತ್ತಿಗೆ ಇವರು ಪಕ್ಕದ ವಾರ್ಡಿನಿಂದ ಹೊಟ್ಟೆಯ ಮೇಲೆ ದಿಂಬು ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಮುಖ ಬಿಳಚಿಕೊಂಡಿತ್ತು. ಜಗ್ಗನ್ನು ನೋಡಿದರು, ಲೋಟ ನೋಡಿದರು. ಆಗಲ್ಲ ರೀ, ಭಯ ಆಗುತ್ತೆ ಎಂದೆ. ಇವರು ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು, ನೋವಿಗೆ ಹಲ್ಲು ಕಚ್ಚಿ, ಮೆಲ್ಲಗೆ ಕೂತರು.

"ಕುಡಿಯೇ. ಎಷ್ಟು ಜೋಪಾನವಾಗಿ ಸಾಕಿದ್ದೆ ಅದನ್ನ. ನಿನ್ ಕೈಗೆ ಕೊಟ್ಟು ಮೂರು ದಿನ ಆಗಿಲ್ಲ, ಆಗ್ಲೇ ಒಣಗಿಸ್ತಿದೀಯ."

ನನಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಇಬ್ಬರಿಗೂ. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇನ್ನೊಂದರಲ್ಲಿ ಲೋಟ ಎತ್ತಿದೆ. ಅದು ಖಾಲಿಯಾಗುವವರೆಗೆ ಇವರು ಕದಲಲಿಲ್ಲ. ಖಾಲಿಯಾದ ಮೇಲೆ ಮತ್ತೆ ತುಂಬಿಸಿದರು.